ಹಳ್ಳದ ಅಳತೆ ಓದುವ ಹಣಮಮ್ಮ

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷವಿದೆ. ಕಮಲಾಪುರದಿಂದ ಕಲಬುರಗಿ ಕಡೆಗೆ ಹೋಗುವ ಒಳರಸ್ತೆಯ ಸೇತುವೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಣಮಮ್ಮ ಹಳ್ಳಕ್ಕೆ ಇಳಿಯುತ್ತಾರೆ. ಸೇತುವೆಯ ಕಂಬಕ್ಕೆ ಬಳಿದ ಬಿಳಿ ಪಟ್ಟಿಯ ಮೇಲಿನ ಪಾಚಿ ಒರೆಸುತ್ತಾರೆ, ಕಪ್ಪು ಗೆರೆಗಳನ್ನು ಬೆರಳಿಟ್ಟು ಎಣಿಸುತ್ತಾರೆ. ಆಮೇಲೆ ಕಲಬುರಗಿಯ ನೀರಾವರಿ ಕಚೇರಿಗೆ ಫೋನ್ ಹಚ್ಚುತ್ತಾರೆ.

"ಒಂದ್ ಪಾಯಿಂಟ್ ಎರಡ್ರೀ."

"ಬರಕೊಂಡೆ," ಎಂದು ಆ ಕಡೆಯಿಂದ ಗುಮಾಸ್ತ ಇಮಾಮುದ್ದೀನ್ ಫೋನ್ ಇಡುತ್ತಾರೆ. ಹನ್ನೊಂದು ವರ್ಷಗಳಿಂದ ಇಬ್ಬರ ನಡುವೆ ಇಷ್ಟೇ ಮಾತು. ಒಬ್ಬರ ಮುಖ ಇನ್ನೊಬ್ಬರು ಕಂಡಿಲ್ಲ.

ಈ ಕೆಲಸ ಮೊದಲು ಹಣಮಮ್ಮನ ಗಂಡ ಪೀರಪ್ಪನದು. ಅವರು ಕಾಮಾಲೆಯಿಂದ ತೀರಿಕೊಂಡಾಗ, ಬೇರೆಯವರು ಸಿಗುವವರೆಗೆ ನೀವೇ ನೋಡಿಕೊಳ್ಳಿ ಎಂದು ಕಚೇರಿಯವರು ಹೇಳಿದರು. ಬೇರೆಯವರು ಇವತ್ತಿಗೂ ಸಿಕ್ಕಿಲ್ಲ. ಸೇತುವೆ ಕಟ್ಟಿದವರು ಬಿಟ್ಟುಹೋದ ತಗಡಿನ ಕೋಣೆಯೇ ಹಣಮಮ್ಮನ ಮನೆ. ದಿನಕ್ಕೆ ಎರಡು ಸಲ ಅಳತೆ, ಮಳೆಗಾಲದಲ್ಲಿ ನಾಲ್ಕು ಸಲ, ಹಳ್ಳ ಏರಿದರೆ ಗಂಟೆಗೊಮ್ಮೆ. ಮಗಳು ಸುನಂದಾ ಕಲಬುರಗಿಯ ಬ್ರಹ್ಮಪುರದಲ್ಲಿ ಸಂಸಾರ ಹೂಡಿದ್ದಾಳೆ. ಪಂಚಮಿಗೆ ಬಾ ಎಂದು ಪ್ರತಿ ವರ್ಷ ಕರೆಯುತ್ತಾಳೆ. ಪಂಚಮಿ ಬರುವುದು ಮಳೆಗಾಲದಲ್ಲೇ.

"ದಿನಾ ಎರಡ್ ಬಸ್, ಮೂವತ್ ನಾಲ್ವತ್ ಗಾಡಿ ಹೋಗ್ತಾವ್ರಿ," ಎನ್ನುತ್ತಾರೆ ಹಣಮಮ್ಮ. "ಯಾರೂ ನಿಂದ್ರಲ್ಲ. ಹಳ್ಳ ಬಂದಾಗಷ್ಟ ಮಂದಿ ನನ್ ಕೂಡ ಮಾತಾಡ್ತಾರ."

ಕಳೆದ ಸೆಪ್ಟೆಂಬರಿನ ಆ ಸಂಜೆ ಸೇತುವೆಯ ಮೇಲೆ ಬಿಸಿಲಿತ್ತು. ನಾಲ್ಕರ ಅಳತೆಗೆ ಇಳಿದಾಗ ನೀರು ಕೆಂಪಾಗುತ್ತಿತ್ತು. ಹಳ್ಳ ಕೆಂಪಾದರೆ ಮೇಲೆ, ಕಮಲಾಪುರದ ಆಚೆಯ ಕೆಂಪುನೆಲದಲ್ಲಿ, ಮಳೆ ಸುರಿದಿದೆ ಎಂದೇ ಅರ್ಥ. ನೋಡುನೋಡುತ್ತಿದ್ದಂತೆ ಜೋಳದ ದಂಟು ತೇಲಿ ಬಂತು, ಹಿಂದೆಯೇ ಬೇರುಸಹಿತ ಒಂದು ಬಾಳೆಗಿಡ. ಇಪ್ಪತ್ತೇ ನಿಮಿಷದಲ್ಲಿ ನೀರು ಎರಡು ಮೀಟರ್ ಏರಿತು. ಕಚೇರಿಗೆ ಫೋನ್ ಹಚ್ಚಿದರೆ ಲೈನ್ ಬಿಜಿ. ಅದೇ ಹೊತ್ತಿಗೆ ಕಲಬುರಗಿ ನಗರದಲ್ಲೂ ಬಿರುಗಾಳಿ ಸಹಿತ ಮಳೆ. ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಮೊಳಕಾಲುದ್ದ ನೀರು, ಖೂಬಾ ಪ್ಲಾಟ್‌ನಲ್ಲಿ ಗೋಡೆ ಬಿದ್ದಿತ್ತು. ಆರು ಸಲ ಹಚ್ಚಿದರೂ ಯಾರೂ ಸಿಗಲಿಲ್ಲ.

ಅಷ್ಟರಲ್ಲಿ ಕಮಲಾಪುರದ ಬಸ್ ಬಂತು. ಕೈ ಬೀಸಿದರೆ ನಿಲ್ಲುವ ಲಕ್ಷಣವಿಲ್ಲ. ಹಣಮಮ್ಮ ರಸ್ತೆಯ ನಟ್ಟನಡುವೆ ಕೂತುಬಿಟ್ಟರು.

ಡ್ರೈವರ್ ಇಳಿದು ಬಂದ. "ಯವ್ವಾ, ತಲಿ ಕೆಟ್ಟದೇನ್ ನಿನಗ? ಮಳಿ ಎಲ್ಲದ? ಬಾಜೂಕ್ ಸರಿ."

"ನನ್ ಮ್ಯಾಲ ಹಾಯಿಸ್ಕೊಂಡ್ ಹೋಗಪಾ. ಏಳಂಗಿಲ್ಲ ನಾ."

ಒಳಗಿದ್ದವರೂ ಬೈದರು. ಬೈಗುಳ ಮುಗಿಯುವ ಮೊದಲೇ ಸೇತುವೆಯ ಮೇಲೆ ನೀರು ಹಾಯತೊಡಗಿತು. ಡ್ರೈವರ್ ಓಡಿ ಹತ್ತಿ, ನಲವತ್ತು ಮಂದಿಯಿದ್ದ ಬಸ್ಸನ್ನು ಹಿಂದಕ್ಕೆ ತೆಗೆದ.

ಆಗಲೇ ಆಚೆ ದಡದಲ್ಲಿ ಒಂದು ಬೈಕ್ ಕಾಣಿಸಿತು. ಹಾಲು ಹಾಕಿ ಮರಳುತ್ತಿದ್ದ ಕಲ್ಯಾಣಪ್ಪ. ದಿನವೂ ಗಾಡಿ ನಿಧಾನ ಮಾಡಿ "ಯವ್ವಾ, ಆರಾಮ್ ಅದೀಯಿಲ್ಲ?" ಎಂದು ಕೇಳಿ ಹೋಗುತ್ತಿದ್ದವನು ಅವನೊಬ್ಬನೇ. ಹಣಮಮ್ಮ ಎದ್ದು ಚೀರಿದರು, ಎರಡೂ ಕೈ ಬೀಸಿದರು. ನೀರಿನ ಸಪ್ಪಳಕ್ಕೆ ಅವರ ದನಿ ಅವರಿಗೇ ಕೇಳಲಿಲ್ಲ. ಗಾಲಿ ಮುಳುಗುವಷ್ಟೂ ಇಲ್ಲ ಎಂದುಕೊಂಡನೋ ಏನೋ, ಅವನು ಬಂದೇ ಬಿಟ್ಟ. ನಡುಸೇತುವೆಯಲ್ಲಿ ಬೈಕ್ ಅಡ್ಡ ತಿರುಗಿದ್ದಷ್ಟೇ ಅವರಿಗೆ ಕಂಡಿತು.

ಅವನು ಸಿಕ್ಕಿದ್ದು ಮರುದಿನ, ಎರಡು ಮೈಲಿ ಕೆಳಗೆ, ಜಾಲಿಯ ಪೊದೆಯಲ್ಲಿ. ಪತ್ರಿಕೆಗಳಲ್ಲೆಲ್ಲ ನಗರದ ಚಿತ್ರಗಳಿದ್ದವು. ಒಳಪುಟದಲ್ಲಿ ಹಾಲು ಮಾರುವವನ ಸಾವಿಗೆ ಎರಡು ಸಾಲು. ಪಾರಾದ ಬಸ್ಸಿನ ಸುದ್ದಿ ಎಲ್ಲೂ ಇರಲಿಲ್ಲ.

ಪತ್ರಿಕೆಯಲ್ಲಿ ಸುದ್ದಿ ಬಂದ ದಿನ ಸಂಜೆ, ಅಳತೆ ಹೇಳಿದ ಮೇಲೆ ಇಮಾಮುದ್ದೀನ್ ಫೋನ್ ಇಡಲಿಲ್ಲ. "ಅವ್ವಾ, ಊಟ ಮಾಡೀರೇನ್ರಿ?" ಎಂದರು.

"ಲೈನ್ ಸರಿ ಇಲ್ರಿ," ಎಂದು ಹಣಮಮ್ಮನೇ ಕಟ್ ಮಾಡಿದರು. ಅವತ್ತು ಒಲೆ ಹಚ್ಚಿರಲಿಲ್ಲ.

ಮತ್ತೆ ಮಳೆಗಾಲ ಹತ್ತಿರ ಬಂದಿದೆ. ಕಚೇರಿಗೆ ಅವರು ಒಂದು ಅರ್ಜಿ ಬರೆಸಿ ಕೊಟ್ಟಿದ್ದಾರೆ. ಪಗಾರ ಹೆಚ್ಚಿಸಿ ಎಂದಲ್ಲ.

"ಬ್ರಿಜ್ಜಿಗಿ ಎರಡ್ ಬಾಯಿ ಅದಾವ್ರಿ. ನಾ ಒಬ್ಬಾಕಿ ಎಷ್ಟ್ ಕಡಿ ಕೂಡ್ಲಿ? ಮಳಿಗಾಲದ ನಾಕ್ ತಿಂಗಳಾರ ಆ ದಂಡಿಗಿ ಒಬ್ಬರಿಗಿ ನಿಂದ್ರಸ್ರಿ ಅಂತ ಬರಸೀನಿ. ಹಳ್ಳ ಬಂದಾಗ ನಾ ಕೈ ಎತ್ತಿದ್ರ ಅವರಿಗಿ ಕಾಣ್ತದ."

ಆಚೆ ದಡದ ಕಡೆ ಕೈ ಎತ್ತಿ ತೋರಿಸುತ್ತಾರೆ.

"ಹಳ್ಳ ಬರದ್ ದಿನಾನೂ ಕೈ ಎತ್ತಿದ್ರ ಕಾಣ್ತದ್ರಿ."