ಮರಿಬಸಪ್ಪನ ನಾಯಿ ಮದ್ದು

ಕುರುಗೋಡಿನ ಮರಿಬಸಪ್ಪ ನಾಯಿ ಕಚ್ಚಿದವರಿಗೆ ಸೊಪ್ಪಿನ ಮದ್ದು ಕೊಡುತ್ತಿದ್ದ. ಅಪ್ಪನಿಂದ ಬಂದ ವಿದ್ಯೆ. ಒಂದು ಪೈಸೆ ಮುಟ್ಟುತ್ತಿರಲಿಲ್ಲ, ಎಲೆ ಅಡಿಕೆ ಇಟ್ಟರೆ ಸಾಕು. ಸಿರುಗುಪ್ಪ, ಹಚ್ಚೊಳ್ಳಿಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಕಚ್ಚಿದ ನಾಯಿಗಳಲ್ಲಿ ಬಹುಪಾಲಿಗೆ ಹುಚ್ಚೇ ಇರದಿದ್ದದ್ದು ಅವನ ಹೆಸರು ಉಳಿಸಿತ್ತು, ಅಷ್ಟೇ.

ಎಪ್ಪತ್ತನಾಲ್ಕರ ಬೇಸಿಗೆಯ ಒಂದು ಬೆಳಿಗ್ಗೆ, ಜೊಲ್ಲು ಸುರಿಸುತ್ತ ಬಂದ ನಾಯಿಯೊಂದು ಎದುರು ಮನೆಯ ಗಾದೆಮ್ಮನ ಕಾಲಿಗೆ ಬಾಯಿ ಹಾಕಿತು. ಮರಿಬಸಪ್ಪ ಮದ್ದು ಅರೆದು ಕುಡಿಸಿ, "ಏನೂ ಆಗಂಗಿಲ್ಲ, ಪಥ್ಯ ಮಾತ್ರ ತಪ್ಪಬ್ಯಾಡ" ಎಂದು ಕಳಿಸಿದ. ಸ್ವಲ್ಪ ಹೊತ್ತಿಗೇ ಅದೇ ನಾಯಿ ಅವನ ಮೊಮ್ಮಗಳು ಗುರುಬಸಮ್ಮನ ಕೈ ಕಚ್ಚಿತು. ಒರಳಿನಲ್ಲಿ ಸೊಪ್ಪು ಇನ್ನೂ ಮಿಕ್ಕಿತ್ತು. ಅದನ್ನು ಮಗುವಿಗೆ ಕುಡಿಸಲು ಅವನಿಗೆ ಕೈ ಬರಲಿಲ್ಲ. ಬೀಗರ ಮನೆಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ಮಗುವನ್ನೆತ್ತಿಕೊಂಡು ಬಳ್ಳಾರಿ ಬಸ್ಸು ಹತ್ತಿದ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಗಾಯವನ್ನು ಬಹಳ ಹೊತ್ತು ಸೋಪು ನೀರಿನಲ್ಲಿ ತೊಳೆಸಿ, ಹೊಕ್ಕಳ ಪಕ್ಕ ಮೊದಲ ಸೂಜಿ ಹಾಕಿದರು. ದಿನಾ ಬರಬೇಕು, ಹದಿನಾಲ್ಕೂ ಮುಗಿಯಬೇಕು ಎಂದರು. "ಆ ನಾಯಿ ಇನ್ಯಾರಿಗಾರ ಕಚ್ಚೈತೇನು?"

"ಇಲ್ರಿ" ಎಂದ.

ತನ್ನ ಕೂಸಿಗೆ ಸೂಜಿ, ಮಂದಿ ಮಕ್ಕಳಿಗೆ ಸೊಪ್ಪು! ಥೂ, ಇದೂ ಒಂದು ಬಾಳೇ ಎಂದು ನಾಚಿಕೆಯಿಂದ ಹಿಡಿಯಾದ. ಮಗುವನ್ನು ಬಳ್ಳಾರಿಯಲ್ಲೇ ಪಾರ್ವತಿನಗರದ ತಂಗಿಯ ಮನೆಯಲ್ಲಿ ಬಿಟ್ಟು, ಮಧ್ಯಾಹ್ನದ ಬಸ್ಸಿಗೇ ಊರಿಗೆ ಮರಳಿ ಗಾದೆಮ್ಮನ ಬಾಗಿಲಲ್ಲಿ ನಿಂತ.

"ಏಳವ್ವ ಗಾದೆಮ್ಮ, ಬಳ್ಳಾರಿಗೆ ಹೋಗಿ ಸೂಜಿ ಹಾಕಿಸ್ಕೋಬೇಕು. ನನ್ನ ಮದ್ದಿನಾಗ ಏನೂ ಇಲ್ಲ."

ಅವಳು ಅವನ ಮುಖವನ್ನೇ ನೋಡಿದಳು. "ಹಂಗಾರ ನನ್ನ ಮಗ ಎರ್ರಿಸ್ವಾಮಿ?"

ಮೂರು ವರ್ಷದ ಹಿಂದೆ ಅದೇ ಮದ್ದು ಕುಡಿದು, ಕಡೆಗೆ ನೀರು ಕಂಡರೆ ಬೆಚ್ಚುತ್ತ ಸತ್ತ ಹುಡುಗ ಎರ್ರಿಸ್ವಾಮಿ. ತಾಯಿ ಬದನೆಕಾಯಿ ತಿನ್ನಿಸಿ ಪಥ್ಯ ಕೆಡಿಸಿದಳೆಂದು ಹೇಳಿದವನು ಮರಿಬಸಪ್ಪನೇ. ಊರೂ ಅದನ್ನೇ ಆಡಿತು. ಅದೇ ಮಾತಿಗೆ ಗಂಡ ಅವಳನ್ನು ಬಿಟ್ಟು ಹೋದ.

"ನಿನ್ನ ಬದನಿಕಾಯಿಂದ ಅಲ್ಲವ್ವ" ಎಂದ ಮರಿಬಸಪ್ಪ, ನೆಲ ನೋಡುತ್ತ.

"ನನಗೊಬ್ಬಾಕಿಗೆ ಹೇಳಿದ್ರ ಹೆಂಗ್ರಿ ಮಾವ? ಕಟ್ಟಿ ಮ್ಯಾಲ ಮಂದಿ ಕುಂತಾರ, ಅಲ್ಲಿ ಹೇಳ್ರಿ. ಆಮ್ಯಾಲ ಬಸ್ಸು ಹತ್ತತೀನಿ. ಇಲ್ಲಾಂದ್ರ ಹಿಂಗ ಸಾಯ್ತೀನಿ."

ಅವಳು ಹಟ ಬಿಡುವವಳಲ್ಲ. ಮರಿಬಸಪ್ಪ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ನಡೆದ. ಕಟ್ಟೆಯ ಮುಂದೆ ನಿಂತು ಬಾಯೊಳಗೇ ಗೊಣಗಿದ.

"ಜೋರಾಗಿ ಹೇಳ್ರಿ" ಎಂದಳು ಹಿಂದೆ ನಿಂತ ಗಾದೆಮ್ಮ.

ಹೇಳಿದ. ಹುಡುಗನ ಹೆಸರು ಹಿಡಿದು ಹೇಳಿದ, ಬದನೆಕಾಯಿಯ ಸುಳ್ಳನ್ನೂ ಹೇಳಿದ. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಬಸ್ಸು ಬಂತು. ಗಾದೆಮ್ಮ ಹತ್ತಿ ಕಿಟಕಿಯ ಬಳಿ ಕುಳಿತು, ಪಕ್ಕದ ಸೀಟಿನ ಮೇಲೆ ತನ್ನ ಬಟ್ಟೆಯ ಗಂಟು ಇಟ್ಟಳು. ಮರಿಬಸಪ್ಪ ಬಳ್ಳಾರಿಯವರೆಗೂ ನಿಂತೇ ಹೋದ.