ಮೊದಲಿನಿಂದ ಓದಿದವಳು

ಅಪ್ಪನಿಗೆ ಬೈಬಲ್ ಓದಿ ಹೇಳುವ ಕೆಲಸ ನನ್ನದಾಗಿತ್ತು. ಅಪ್ಪ ನಮ್ಮ ಸಭೆಯ ಉಪದೇಶಿ; ಪಾದ್ರಿಗಳ ಕೈಕೆಳಗೆ ಸೈಕಲ್ ತುಳಿದುಕೊಂಡು ಪ್ರಾರ್ಥನೆ, ಮದುವೆ, ಸಾವು ಎಂದು ಓಡಾಡಿ ಸವೆದ ಮನುಷ್ಯ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವರ ಕಣ್ಣು ಪೂರ್ತಿ ಹೋಯಿತು. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದರು. ನಾನು ಬಸವನಗುಡಿಯ ಒಂದು ಶಾಲೆಯಲ್ಲಿ ಟೀಚರ್. ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಸಂಜೆ ಚಾಮರಾಜಪೇಟೆಯ ಮನೆಗೆ ಬಂದು, ಕಾಫಿ ಕುಡಿದು, ಅಪ್ಪನ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರೆ ಆ ಹೊತ್ತು ನನ್ನ ಸ್ವಂತದ್ದು. ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಬಾಯಿಪಾಠದಲ್ಲಿ ನನ್ನನ್ನು ಮೀರಿಸುವವರು ಸಭೆಯಲ್ಲಿ ಯಾರೂ ಇರಲಿಲ್ಲ. ಯಾವ ವಚನ ಯಾವ ಅಧ್ಯಾಯದ್ದು ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ಅಪ್ಪ ಕೇಳುತ್ತಿದ್ದುದೂ ಅಂಥವನ್ನೇ: ದುಃಖಕ್ಕೊಂದು, ಕಾಯಿಲೆಗೊಂದು, ಪ್ರಯಾಣಕ್ಕೊಂದು. ಆ ಮಾತನ್ನು ಯಾರು ಯಾರಿಗೆ, ಯಾಕೆ ಹೇಳಿದರು ಎಂದು ನಾವಿಬ್ಬರೂ ತಲೆ ಕೆಡಿಸಿಕೊಂಡವರಲ್ಲ.

ಅಷ್ಟರಲ್ಲಿ ತಮ್ಮನ ಮದುವೆಯಾಯಿತು. ಅವನು ಬಿನ್ನಿಪೇಟೆಯ ಮಿಲ್ಲಿನಲ್ಲಿ ಗುಮಾಸ್ತ. ಹುಡುಗಿ ತರಗುಪೇಟೆಯಲ್ಲಿ ಬೇಳೆ ವ್ಯಾಪಾರ ಮಾಡುವವರ ಮಗಳು, ಕೊರಳಲ್ಲಿ ಲಿಂಗ ಧರಿಸಿ ಬೆಳೆದವಳು. ತಾನಾಗಿಯೇ ಮನಸ್ಸು ಮಾಡಿ ದೀಕ್ಷಾಸ್ನಾನ ತೆಗೆದುಕೊಂಡಳು. ತವರಿನ ಬಾಗಿಲು ಮುಚ್ಚಿಹೋಯಿತು. ಅಯ್ಯೋ ಪಾಪ ಎಂದು ನಾನೂ ಅಂದೆ. ಅಂದದ್ದು ಅವಳು ಅಪ್ಪನ ಪಕ್ಕ ಬಂದು ಕೂರುವ ತನಕ ಮಾತ್ರ.

ಒಂದು ಸಂಜೆ ನಾನು ಓದಿ ಮುಗಿಸುತ್ತಿದ್ದಂತೆ ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತು ಕೇಳಿದಳು. "ಮಾವ, ನಮ್ಮನೇಲಿ ಪುರಾಣ ಓದಿಸಿದ್ರೆ ಮೊದಲ್ನೇ ದಿನದಿಂದ ಮಂಗಳದವರೆಗೂ ಕೂತು ಕೇಳ್ಬೇಕು. ಮಧ್ಯ ಬಿಟ್ಟೆದ್ರೆ ನಮ್ಮಜ್ಜಿ ಬೈತಿದ್ರು. ನೀವೇನು, ಇಲ್ಲೊಂದು ತುತ್ತು ಅಲ್ಲೊಂದು ತುತ್ತು? ಹೀಗಾದ್ರೆ ಕಥೆ ಮುಗ್ಯೋದು ಯಾವಾಗ?"

ನಾನು ಅವಳನ್ನು ಸುಡುವ ಹಾಗೆ ನೋಡಿದೆ. ಅಪ್ಪ ಮಾತ್ರ ಎದ್ದು ಕೂತರು. "ಹಂಗಾದ್ರೆ ನೀನೇ ಓದಮ್ಮ, ಮೊದಲಿಂದ" ಎಂದುಬಿಟ್ಟರು.

ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬೇ ಹೆಚ್ಚು ಅನ್ನುತ್ತಾರಲ್ಲ, ಅದನ್ನು ನಾನು ಮನೆಯಲ್ಲೇ ಕಂಡೆ. ನಾನು ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದ ಮಧ್ಯಾಹ್ನಗಳಲ್ಲಿ ಅವರ ಓದು ನಡೆಯುತ್ತಿತ್ತು. ಸಂಜೆ ನಾನು ಸ್ಟೂಲ್ ಎಳೆದರೆ ಅಪ್ಪ "ಇವತ್ತಿಗೆ ಸಾಕಮ್ಮ, ಆಯ್ತು" ಅನ್ನುವರು, ಹೊರಗೆ ಊಟ ಮಾಡಿ ಬಂದ ಅತಿಥಿಯ ಹಾಗೆ. ಆಮೇಲೆ ತಾವು ಕೇಳಿದ್ದನ್ನು ನನಗೇ ಹೇಳುವರು! ಹುಟ್ಟಿದಾಗಿನಿಂದ ಆ ಪುಸ್ತಕದ ಜೊತೆ ಬೆಳೆದ ನನಗೆ!

"ನೋಡು, ಅವಳು ಹೇಳ್ತಾಳೆ, ಇದು ಮನೆ ಬಿಟ್ಟವರು ಮತ್ತೆ ಮನೆ ಸೇರೋ ಕಥೆ ಅಂತೆ. ಮೊದಲ್ನೇ ಪುಟದಲ್ಲಿ ಒಂದು ತೋಟ, ದೇವರೂ ಮನುಷ್ಯರೂ ಒಟ್ಟಿಗೆ. ತಪ್ಪು ಮಾಡಿ ಹೊರಗೆ ಬಿದ್ರು. ಆಮೇಲೆ ದೇವರು ಒಬ್ಬ ಮುದುಕನನ್ನ ಕರೆದು, ನಿನ್ನಿಂದ ಎಲ್ಲಾ ಕುಲದವರಿಗೂ ಒಳ್ಳೇದಾಗುತ್ತೆ ಅಂತ ಮಾತು ಕೊಟ್ಟ. ಅಲ್ಲಿಂದ ಮುಂದೆಲ್ಲಾ ಆ ಮಾತು ಉಳಿಸ್ಕೊಳ್ಳೋದೇ. ಆ ಮುದುಕನ ವಂಶದವರು ಗುಲಾಮರಾದಾಗ ಅವರ ಬಾಗಿಲಿಗೆ ಕುರಿಮರಿ ರಕ್ತ ಬಳಿಸಿ ಬಿಡಿಸಿದ, ಅವರ ಮಧ್ಯ ತಾನೂ ಒಂದು ಗುಡಾರದಲ್ಲಿದ್ದ, ರಾಜರನ್ನ ಕೊಟ್ಟ. ಅವರು ಕೆಟ್ಟು ಸೆರೆಗೆ ಹೋದ್ರೂ ಬಿಡ್ಲಿಲ್ಲ. ಕೊನೆಗೆ ತಾನೇ ಮನುಷ್ಯನಾಗಿ ಬಂದು ಬಲಿಯ ಕುರಿಮರಿ ಆದ. ಕಡೇ ಪುಟದಲ್ಲಿ ಒಂದು ಪಟ್ಟಣ, ಅದರೊಳಗೆ ತೋಟದಲ್ಲಿದ್ದ ಅದೇ ಮರ!"

"ನಂಗೊತ್ತಿಲ್ವಾ ಅಪ್ಪ ಇದೆಲ್ಲಾ?" ಎಂದೆ. ಬಿಡಿಬಿಡಿಯಾಗಿ ಎಲ್ಲವೂ ಗೊತ್ತಿತ್ತು. ಒಂದಕ್ಕೊಂದು ಸೇರಿದ್ದನ್ನು ಅವಳ ಬಾಯಿಂದ ಬಂದ ಎಂಜಲಾಗಿ ಕೇಳಬೇಕಾಯಿತಲ್ಲ ಎಂದು ಮೈಯೆಲ್ಲ ಉರಿಯಿತು.

ಅದಕ್ಕೆ ಕಳಶವಿಟ್ಟ ಹಾಗೆ ಇನ್ನೊಂದಾಯಿತು. ಅವರ ಮದುವೆಗೆ ನಾನು ಮ್ಯಾಟಿ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಒಂದು ವಚನ ಹೊಲಿದು, ಕಟ್ಟು ಹಾಕಿಸಿ ಕೊಟ್ಟಿದ್ದೆ. ನಾವು ಒಬ್ಬರಿಗೊಬ್ಬರು ದೂರವಿರುವಾಗ ದೇವರು ನಮ್ಮಿಬ್ಬರನ್ನೂ ನೋಡುತ್ತಿರಲಿ ಎಂಬರ್ಥದ ಮಾತು ಅದು. ನಮ್ಮವರಲ್ಲಿ ಅರ್ಧ ಜನರ ಮನೆಯ ಗೋಡೆಯ ಮೇಲೆ ಅದೇ ಇತ್ತು. ಒಂದು ಭಾನುವಾರ ಅವಳು ಮತ್ತೆ ಮೊದಲಿನಿಂದ ಶುರುಮಾಡಿ ಓದುತ್ತಾ ಆ ಜಾಗಕ್ಕೆ ಬಂದವಳು ಥಟ್ಟನೆ ತಲೆಯೆತ್ತಿ ಗೋಡೆ ನೋಡಿದಳು.

"ಅತ್ತಿಗೆ, ಇದು ಆಶೀರ್ವಾದ ಅಲ್ವಲ್ಲ! ಮಾವ ಅಳಿಯ ಜಗಳ ಆಡ್ಕೊಂಡು ಗಡಿಗೆ ಕಲ್ಲು ನಿಲ್ಸಿದಾರೆ. ನಂಗೆ ನಿನ್ನ ಮೇಲೆ ನಂಬ್ಕೆ ಇಲ್ಲ, ನಾನಿಲ್ದಾಗ ದೇವರೇ ನಿನ್ನ ಮೇಲೆ ಕಣ್ಣಿಟ್ಟಿರ್ಲಿ ಅಂತ ಹೇಳ್ತಿರೋದು!"

ಅಪ್ಪ ಕೆಮ್ಮು ಬರುವಷ್ಟು ನಕ್ಕರು. "ಅಯ್ಯೋ ದೇವರೇ, ಈ ಮಾತು ಹೇಳಿ ಎಷ್ಟು ಜನರನ್ನ ರೈಲು ಹತ್ತಿಸಿದೀನೋ ನಾನು!"

ನಾನು ಎದ್ದು ಆ ಕಟ್ಟನ್ನು ಇಳಿಸಲು ಹೋದೆ. ಅವಳು ಕೈ ಅಡ್ಡ ಹಿಡಿದು, "ಇರ್ಲಿ ಬಿಡಿ ಅತ್ತಿಗೆ, ನಮ್ಮಿಬ್ರಿಗೂ ಸರಿಯಾಗೇ ಇದೆ" ಎಂದು ನಕ್ಕಳು. ಕೊಬ್ಬು ನೋಡಿ. ಹದಿನೈದು ದಿನ ನಾನು ಅವಳೊಡನೆ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚು ಆಡಲಿಲ್ಲ.

ಮಳೆಗಾಲ ಮುಗಿಯುತ್ತಿದ್ದ ಒಂದು ದಿನ ಶಾಲೆ ಬೇಗ ಬಿಟ್ಟಿತು. ಮನೆಯ ಮೆಟ್ಟಿಲು ಹತ್ತುವಾಗ ಒಳಗಿನಿಂದ ಅವಳ ದನಿ ಕೇಳಿತು. "ಮೊದಲ್ನೇ ಅಣ್ಣ ತಮ್ಮಂದಿರಿಂದ್ಲೇ ಶುರು ನೋಡಿ ಮಾವ. ಅಣ್ಣ ತಮ್ಮನ್ನ ಹೊಲದಲ್ಲಿ ಕೊಂದ. ಆಮೇಲೆ ಬಂದ ಅಣ್ಣಂದಿರು ತಮ್ಮನ್ನ ಗುಂಡಿಗೆ ತಳ್ಳಿ ಮಾರಿದ್ರು. ರಾಜನಿಗೆ ಕುರಿ ಕಾಯೋ ಹುಡುಗನ ಮೇಲೆ ಹೊಟ್ಟೆಕಿಚ್ಚು. ಸ್ವಾಮೀನ ಶಿಲುಬೆಗೆ ಹಿಡ್ಕೊಟ್ಟಿದ್ದೂ ಹೊಟ್ಟೆಕಿಚ್ಚಿಗೇ ಅಂತ ಇಲ್ಲಿ ಬರ್ದಿದೆ. ಒಂದೇ ಬೆಂಕಿ, ಮೊದಲಿಂದ ಕೊನೇವರೆಗೂ."

"ಇಷ್ಟು ವರ್ಷ ಬೋಧನೆ ಮಾಡ್ದೆ, ನಂಗೆ ಇದು ಕಾಣ್ಲಿಲ್ವಲ್ಲಮ್ಮ" ಎಂದರು ಅಪ್ಪ. ಆ ದನಿಯಲ್ಲಿ ಎಂಥ ಸಂತೋಷವಿತ್ತು! ಜೀವಮಾನದಲ್ಲಿ ಒಮ್ಮೆಯೂ ನನ್ನ ಓದಿಗೆ ಅವರು ಹಾಗೆ ದನಿ ತೆಗೆದವರಲ್ಲ. ನಾನು ಒಳಗೆ ಹೋಗಲಿಲ್ಲ. ಜಗಲಿಯ ಮೇಲೆ ಚೀಲ ಕುಕ್ಕಿ ಕೂತೆ.

ಚೀಲ ಬಿದ್ದ ಸದ್ದು ಅಪ್ಪನಿಗೆ ಕೇಳಿರಬೇಕು. ಗೋಡೆ ಸವರಿಕೊಂಡು, ಕಾಲಲ್ಲಿ ಹೊಸ್ತಿಲು ತಡವಿಕೊಂಡು ಹೊರಗೆ ಬಂದರು. ಕಣ್ಣು ಹೋದ ಮೇಲೆ ಅವರು ಒಬ್ಬರೇ ಆ ಹೊಸ್ತಿಲು ದಾಟಿರಲಿಲ್ಲ.

"ಒಳಗೆ ಬಾಮ್ಮ."

"ಇಷ್ಟು ವರ್ಷ ನಿಮ್ಮ ಪಕ್ಕ ಕೂತು ಓದ್ದೆ ನಾನು. ಹೇಳಿದ್ದೆಲ್ಲಾ ಮಾಡ್ದೆ. ನನ್ನ ಜೊತೆ ಒಂದ್ ದಿನಾನೂ ನೀವು ಹೀಗೆ ನಗ್ಲಿಲ್ಲ. ನಿನ್ನೆ ಮೊನ್ನೆ ಬಂದವಳಿಗೆ..."

ನನ್ನ ಮಾತು ನನ್ನ ಕಿವಿಗೇ ಎಲ್ಲೋ ಕೇಳಿದ ಹಾಗಿತ್ತು. ಕಿರಿಮಗ ಆಸ್ತಿ ಹಾಳುಮಾಡಿ ಹಿಂತಿರುಗಿ ಬಂದಾಗ ತಂದೆ ಅಪ್ಪಿಕೊಂಡು ಔತಣ ಮಾಡಿಸಿದ ಬೈಬಲಿನ ಕಥೆ. ಹಿರಿಮಗ ಹೊಲದಿಂದ ಬಂದು, ಒಳಗಿನ ಸಂಭ್ರಮ ಕೇಳಿ, ಸಿಟ್ಟಿನಿಂದ ಹೊರಗೇ ನಿಂತು ತಂದೆಗೆ ಆಡುವ ಮಾತು ಹೆಚ್ಚುಕಡಿಮೆ ಇದೇ. ಮಕ್ಕಳಿಗೆ ಹೇಳುವಾಗ ನಾನು ಯಾವಾಗಲೂ ಅಪ್ಪುಗೆಯಲ್ಲೇ ಮುಗಿಸುತ್ತಿದ್ದೆ. ಮಿಕ್ಕ ಭಾಗವೂ ಬಾಯಿಪಾಠವಿತ್ತು, ಆದರೆ ಅದು ನನ್ನ ಮನೆಯ ವಿಷಯ ಎಂದು ಅಂದಿನವರೆಗೆ ಅನ್ನಿಸಿರಲಿಲ್ಲ.

"ಆಮೇಲೆ ಅವನು ಒಳಗೆ ಹೋದ್ನಾ ಅಪ್ಪ?" ಎಂದೆ. ಯಾರು ಎಂದು ಅವರು ಕೇಳಲಿಲ್ಲ.

"ಬರ್ದಿಲ್ಲಮ್ಮ" ಎಂದರು. "ಅಪ್ಪ ಹೊರಗೆ ಬಂದ ಅನ್ನೋದಷ್ಟೇ ಬರ್ದಿದೆ."

ಒಳಗಿನಿಂದ ಅವಳು "ಅತ್ತಿಗೆ, ಕಾಫಿ ಆರ್ತಿದೆ" ಎಂದು ಕೂಗಿದಳು. ನಾನು ಏಳಲಿಲ್ಲ. ಅಪ್ಪ ಕೈಯಿಂದ ಜಗಲಿಯ ಅಂಚು ಹುಡುಕಿಕೊಂಡು ನನ್ನ ಪಕ್ಕದಲ್ಲೇ ಕೂತರು.