ಹಕ್ಕಿ ಎಣಿಸಿದ ಎಳ್ಳ ಅಮಾಸಿ

ನನ್ನ ಬಾಯಿ ಚಿಕ್ಕಂದಿನಿಂದಲೂ ಜೋರು. ಅಂಥವಳು ಒಂದು ಚಳಿಗಾಲ ಪೂರ್ತಿ ದಿನಾ ತಾಸುಗಟ್ಟಲೆ ತುಟಿ ಪಿಟಕ್ಕೆನ್ನದೆ ಕೂತಿದ್ದೆ ಎಂದರೆ ನನ್ನ ಮಕ್ಕಳೇ ನಂಬುವುದಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು. ಬಿಜಾಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಸಿಂದಗಿ ತಾಲೂಕಿನ ನಮ್ಮೂರಿಗೆ ಬಂದು ಅವ್ವನ ಜೊತೆ ರೊಟ್ಟಿ ಬಡಿಯುತ್ತ ಕೂತಿದ್ದೆ. ಆಗ ಅರಣ್ಯ ಇಲಾಖೆಯವರು ಕೆರೆ ಏರಿಯ ಮೇಲಿನ ಒಂದು ಹಳೇ ಕೋಣೆಗೆ ಸುಣ್ಣ ಬಳಿದು, ಕಿಟಕಿ ಅಗಲ ಮಾಡಿ, ಅದನ್ನು ಪಕ್ಷಿ ವೀಕ್ಷಣಾಲಯ ಎಂದು ಕರೆದರು. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಹಕ್ಕಿಗಳನ್ನು ಎಣಿಸಲು ವಿಜ್ಞಾನ ಓದಿದ ಒಬ್ಬರು ಬೇಕಾಗಿತ್ತು. ಊರಲ್ಲಿ ವಿಜ್ಞಾನ ಓದಿ ಖಾಲಿ ಕೂತವಳು ನಾನೊಬ್ಬಳೇ. ಒಂದು ಚಳಿಗಾಲದ ಮಟ್ಟಿಗೆ ಹಂಗಾಮಿ ಕೆಲಸ. ಸಾಹೇಬರು ಬಂದು ನೋಡಿ ಒಪ್ಪಿದರೆ ಮುಂದೆಯೂ ಉಂಟು ಎಂದರು.

ಅಪ್ಪನಿಗೆ ಇದು ನಗೆಪಾಟಲಿನ ಸಂಗತಿ. ತಲೆಯ ಮೇಲೆ ಎರಡು ಕರಿ ಪಟ್ಟಿ ಹೊತ್ತ ಆ ಹೆಬ್ಬಾತುಗಳು ಹಗಲೆಲ್ಲ ಕೆರೆಯಲ್ಲಿ ತೇಲಿಕೊಂಡಿದ್ದು, ಕತ್ತಲಾದ ಮೇಲೆ ನಮ್ಮ ಕಡಲೆ ಹೊಲಕ್ಕೆ ಇಳಿಯುತ್ತಿದ್ದವು. ಡಬ್ಬಿ ಬಡಿದು ಅವನ್ನು ಓಡಿಸಿಯೇ ಅಪ್ಪನ ಅರ್ಧ ಆಯುಷ್ಯ ಹೋಗಿತ್ತು.

"ನಾವು ಓಡಸೋದು, ಸರಕಾರ ಎಣಸೋದು. ಇದೂ ಒಂದು ಕೆಲಸೇನು?" ಎಂದ.

ಆ ಹೊತ್ತಿಗೆ ನಾಲತವಾಡದ ಒಂದು ಮನೆಯವರು ನನ್ನನ್ನು ಕೇಳಿ ಹೋಗಿದ್ದರು. ಹುಡುಗ ಕಾಳುಕಡಿ ವ್ಯಾಪಾರದ ಅಡತಿ ಅಂಗಡಿಯವನು, ಕೆಟ್ಟವನೇನಲ್ಲ. ಆದರೆ ಇನ್ನೂ ಚಹಾ ಕುಡಿಯುವ ಮೊದಲೇ ಅವನ ತಾಯಿ, ಹುಡುಗಿ ಕಲಿತದ್ದು ಜಾಸ್ತಿಯೇ ಆಯಿತು, ಇನ್ನು ಮನೆಯಲ್ಲಿದ್ದರೆ ಸಾಕು ಎಂದಿದ್ದಳು. ನನಗೆ ಮೈಯೆಲ್ಲ ಉರಿದಿತ್ತು. ಅಪ್ಪನ ಹತ್ತಿರ ಒಂದು ಕರಾರು ಮಾಡಿಕೊಂಡೆ: ಸಾಹೇಬರು ಕೆಲಸ ಮುಂದುವರಿಸಿದರೆ ನಾಲತವಾಡಕ್ಕೆ ಬೇಡ ಅನ್ನಬೇಕು, ಇಲ್ಲವಾದರೆ ನಾನು ಚಕಾರ ಎತ್ತದೆ ಮದುವೆಯ ಅಕ್ಕಿಕಾಳಿಗೆ ತಲೆಬಾಗುತ್ತೇನೆ. ಅಪ್ಪ ಹೂಂ ಎಂದ. ಅವನು ಕೊಟ್ಟ ಮಾತಿಗೆ ತಪ್ಪುವವನಲ್ಲ. ನನಗೆ ಹೆದರಿಕೆ ಇದ್ದದ್ದೂ ಅದಕ್ಕೇ.

ಹಕ್ಕಿ ಎಣಿಸುವುದು ಮೇಲಿನಿಂದ ನೋಡುವವರಿಗೆ ಸಸಾರ. ಮೊದಲು ದುರ್ಬೀನಿನಲ್ಲಿ ಒಂದು ಚಿಕ್ಕ ಗುಂಪನ್ನು ಎಣಿಸಿ ಕಣ್ಣಲ್ಲಿ ಹಿಡಿದುಕೊಳ್ಳಬೇಕು. ಆಮೇಲೆ ಅಂಥ ಗುಂಪು ಇಡೀ ಹಿಂಡಿನಲ್ಲಿ ಎಷ್ಟು ಕೂಡುತ್ತವೆ ಎಂದು ನಿಧಾನವಾಗಿ ನೋಡುತ್ತ ಹೋಗಬೇಕು. ನಡುವೆ ಏರಿಯ ಮೇಲೆ ಒಂದು ಚಕ್ಕಡಿ ಹೋದರೆ ಮುಗಿಯಿತು, ಎಲ್ಲ ಎದ್ದು ಕಲಸಿಹೋಗಿ ಮತ್ತೆ ಮೊದಲಿನಿಂದ ಶುರು. ಏರಿಗೆ ಹೊಂದಿಕೊಂಡ ಹೊಲದವನು, ಊರಿಗೆಲ್ಲ ಚಾಚಾ ಆಗಿದ್ದವನು, ಅವನ ಗಂಟಲಂತೂ ದೇವರೇ ಗತಿ. ಅವನು ಎತ್ತಿಗೆ ಹೊಯ್ ಎಂದರೆ ಆಚೆ ಊರು ಯಂಕಂಚಿಗೆ ಕೇಳುತ್ತಿತ್ತು. ಎಷ್ಟೋ ಸಲ ನಾನು ಕೋಣೆಯಿಂದ ಹೊರಗೆ ಬಂದು ಅವನ ಜೊತೆ ಜಗಳ ಕಾದಿದ್ದೇನೆ. ಅವನೂ ಬಿಡುತ್ತಿರಲಿಲ್ಲ. ನನ್ನ ಹೊಲದಲ್ಲಿ ಮೇಯ್ದ ಲೆಕ್ಕವನ್ನೂ ಬರೆದುಕೋ ಮಗಳೇ ಎಂದು ಚುಡಾಯಿಸುತ್ತಿದ್ದ.

ಸಾಹೇಬರು ಬರುವ ದಿನ ಗೊತ್ತಾಯಿತೆಂದು ಸುದ್ದಿ ಬಂತು. ನಾನು ಹಿಗ್ಗಿನಲ್ಲಿದ್ದೆ. ಹಿಂದಿನ ದಿನ ಮನೆಗೆ ಬಂದು ನೋಡಿದರೆ ಅವ್ವ ಬುಟ್ಟಿ ತುಂಬ ಸಜ್ಜಿ ರೊಟ್ಟಿ ಬಡಿದಿಟ್ಟು ಕರಚಿಕಾಯಿ ಕರಿಯುತ್ತಿದ್ದಾಳೆ. ಆಗಲೇ ನನಗೆ ಹೊಳೆದದ್ದು. ನಾಳೆ ಎಳ್ಳ ಅಮಾಸಿ! ಊರಿಗೆ ಊರೇ ಚಕ್ಕಡಿ ಹೂಡಿ, ಎತ್ತಿಗೆ ಗೆಜ್ಜೆ ಗಂಟೆ ಕಟ್ಟಿ ಹೊಲಕ್ಕೆ ಹೋಗುವ ದಿನ. ಭೂಮಿತಾಯಿಗೆ ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲುತ್ತ, ಅಂದರೆ ಮಾಡಿದ ಅಡುಗೆಯನ್ನೆಲ್ಲ ಕಲಸಿ ಬೆಳೆಗೆ ಎರಚುತ್ತ, ಹುಲ್ಲುಲ್ಲಿಗೋ ಎಂದು ಗಂಟಲು ಹರಿಯುವಂತೆ ಕೂಗುವ ಹಬ್ಬ. ಕೆರೆಯ ಸುತ್ತ ಇರುವುದೆಲ್ಲ ಹೊಲಗಳೇ. ಆ ಗದ್ದಲಕ್ಕೆ ಒಂದು ಹಕ್ಕಿಯಾದರೂ ನಿಂತೀತೇ? ಸಾಹೇಬರು ಮೈಸೂರು ಕಡೆಯವರು. ಅವರಿಗೆ ನಮ್ಮ ಅಮಾಸಿಯ ಗೊಡವೆ ಎಲ್ಲಿಂದ ಬರಬೇಕು? ಹೇಳಿ ಕಳಿಸೋಣವೆಂದರೆ ಅವರು ಆಗಲೇ ಇಂಡಿ ಕಡೆ ಪ್ರವಾಸ ಹೊರಟಾಗಿತ್ತು.

ಅಪ್ಪನ ಮುಂದೆ ಹೋಗಿ ನಿಂತೆ. ಒಂದು ಮುಂಜಾನೆಯ ಮಟ್ಟಿಗೆ ಊರವರನ್ನು ಹೇಗಾದರೂ ತಡೆಯಬೇಕು ಎಂದೆ.

"ಅಮಾಸಿ ಮುಂದ ಹಾಕಾಕ ನಾ ಯಾವಾಂವ?" ಎಂದ ಅಪ್ಪ.

"ಹಂಗಾದ್ರ ನಾಲತವಾಡಕ್ಕ ಹೂಂ ಅಂತ ಹೇಳಿ ಕಳಸು."

 ಅಪ್ಪ ರುಮಾಲು ಸುತ್ತಿಕೊಂಡು ಹೊರಗೆ ಹೋದ. ನಾಲತವಾಡಕ್ಕೆ ಹೋಗುವವರನ್ನು ಹುಡುಕಲು ಹೊರಟನೆಂದೇ ತಿಳಿದು ನಾನು ಉಣ್ಣದೆ ಮಲಗಿದೆ.

ಬೆಳಗ್ಗೆ ಯಾರ ಮುಖವನ್ನೂ ನೋಡದೆ ಕೆರೆಗೆ ಹೋದೆ. ಸಾಹೇಬರು ಜೀಪನ್ನು ದೂರದಲ್ಲೇ ನಿಲ್ಲಿಸಿ ನಡೆದು ಬಂದರು. ಹೆಬ್ಬಾತುಗಳು ಹೊಲಗಳಿಂದ ಸಾಲುಸಾಲಾಗಿ ಬಂದು ನೀರಿಗೆ ಇಳಿಯುತ್ತಿದ್ದವು. ಇಬ್ಬರೂ ಬೇರೆ ಬೇರೆ ಎಣಿಸಿ ಆಮೇಲೆ ತಾಳೆ ನೋಡೋಣ ಎಂದರು. ನನ್ನ ಕಣ್ಣು ಹಕ್ಕಿಯ ಮೇಲೆ, ಕಿವಿ ಮಾತ್ರ ಊರ ದಾರಿಯ ಮೇಲೆ.

ಚಕ್ಕಡಿಗಳು ಬಂದೇ ಬಂದವು, ಆದರೆ ಏರಿಯ ದಾರಿ ಬಿಟ್ಟು ಕೆಳಗಿನ ಹೊಲದ ದಾರಿ ಹಿಡಿದಿದ್ದವು. ಎತ್ತಿನ ಕೋಡಿಗೆ ಬಣ್ಣ ಇತ್ತು, ಬೆನ್ನಿಗೆ ಬಣ್ಣದ ಬಟ್ಟೆಯ ಝೂಲ ಇತ್ತು. ಕೊರಳಲ್ಲಿ ಗಂಟೆ ಇರಲಿಲ್ಲ. ಇಳಕಲ್ಲ ಸೀರೆ ಉಟ್ಟ ಹೆಣ್ಣುಮಕ್ಕಳು ಬುತ್ತಿಯ ಬುಟ್ಟಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಎಲ್ಲರಿಗಿಂತ ಮುಂದೆ ಚಾಚಾ, ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಹೆಜ್ಜೆ ಹಾಕುತ್ತಿದ್ದ. ನನಗೆ ನಗುವೂ ಬಂತು, ಅಳುವೂ ಬಂತು. ಅವರವರ ಹೊಲಕ್ಕೆ ಇಳಿದರು, ಪೂಜೆ ಮಾಡಿದರು, ಚರಗ ಚೆಲ್ಲಿದರು. ಬಾಯಿ ಅಲುಗುತ್ತಿತ್ತು, ದನಿ ಇರಲಿಲ್ಲ.

ಸಾಹೇಬರು ದುರ್ಬೀನು ಇಳಿಸಿ, "ಊರಲ್ಲಿ ಯಾರಾದರೂ ತೀರಿಕೊಂಡಿದ್ದಾರೇನಮ್ಮ?" ಎಂದು ಮೆಲ್ಲಗೆ ಕೇಳಿದರು.

ಇಲ್ಲ ಸರ್, ಹಬ್ಬ ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಅಪ್ಪ ಸಂಜೆಯೆಲ್ಲ ಮನೆಮನೆಗೆ ಅಡ್ಡಾಡಿದ್ದನಂತೆ. ಇದನ್ನು ಅವ್ವ ಆಮೇಲೆ ಹೇಳಿದಳು. ಕೂಗದೆ ಚರಗ ಚೆಲ್ಲಿದರೆ ಭೂಮಿತಾಯಿಗೆ ಕೇಳುವುದು ಹೇಗೆ ಎಂದು ಮುದುಕಿಯರು ಜಗಳಕ್ಕೇ ನಿಂತಿದ್ದರಂತೆ. ಮೊದಲು ಒಮ್ಮೆ ಸುಮ್ಮನೆ ಚೆಲ್ಲೋಣ, ಆಮೇಲೆ ಒಮ್ಮೆ ಕೂಗಿ ಚೆಲ್ಲೋಣ, ಎರಡು ಸಲ ಉಂಡರೆ ತಾಯಿ ಸಿಟ್ಟಾಗುತ್ತಾಳೇನು ಎಂದು ಅಪ್ಪ ಒಪ್ಪಿಸಿದನಂತೆ.

ಎಣಿಕೆ ಮುಗಿಯಿತು. ಸಾಹೇಬರ ಲೆಕ್ಕ, ನನ್ನ ಲೆಕ್ಕ ಹೆಚ್ಚುಕಡಿಮೆ ಕೂಡಿಬಂದವು. ಅವರು ತಲೆ ಆಡಿಸಿದರು, ಕೆಲಸ ಮುಂದುವರಿಸುವ ಮಾತು ಮಾತ್ರ ಎತ್ತಲಿಲ್ಲ. ಕೋಣೆಯ ಹೊರಗೆ ಬಂದೆ. ಕೆಳಗೆ ಚಕ್ಕಡಿಯ ಮೇಲೆ ನಿಂತಿದ್ದ ಅಪ್ಪ, ಆಯಿತೇನು ಎಂಬಂತೆ ಅಂಗೈ ತಿರುಗಿಸಿ ಕೇಳಿದ. ಕೈ ಎತ್ತಿದೆ. ಅಷ್ಟಕ್ಕೇ ಕಾದಿದ್ದ ಚಾಚಾ ಚಪ್ಪಲಿ ಕೆಳಗೆ ಒಗೆದು, ಬಾಯಿಗೆ ಕೈ ಅಡ್ಡ ಹಿಡಿದು ಒಂದು ಕೂಗು ಹಾಕಿದ. ಎಲ್ಲ ಹೊಲಗಳೂ ಒಮ್ಮೆಲೆ ಕೂಗಿದವು.

ಕೆರೆಗೆ ಕೆರೆಯೇ ಎದ್ದು ನಿಂತಿತು. ಹೆಬ್ಬಾತುಗಳು ಸರಿ, ಆಚೆ ದಡದ ಜೊಂಡಿನೊಳಗಿಂದ ಸಣ್ಣ ಬಾತುಗಳು ಗುಂಪುಗುಂಪಾಗಿ ಎದ್ದೇ ಎದ್ದವು. ಇಬ್ಬರ ಕಣ್ಣಿಗೂ ಬಿದ್ದಿರದ ಹಕ್ಕಿಗಳವು. ನಮ್ಮ ಅಷ್ಟು ಹೊತ್ತಿನ ಲೆಕ್ಕ ನೀರುಪಾಲಾಯಿತು.

"ಈಗೇನು ಮಾಡೋಣ?" ಎಂದರು ಸಾಹೇಬರು.

"ಇಳೀಲಿ ಸರ್. ಇನ್ನೊಮ್ಮೆ ಎಣಿಸೋಣ."

ಅವರು ಜೋರಾಗಿ ನಕ್ಕರು. "ಮುಂದಿನ ವರ್ಷದ ಎಣಿಕೆಯ ದಿನ ನೀವೇ ಗೊತ್ತು ಮಾಡಿ. ಇದೇ ಹಬ್ಬಕ್ಕೆ ಆದರೂ ಸರಿ" ಎಂದರು. ಮುಂದಿನ ವರ್ಷ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಕಣ್ಣು ತುಂಬಿ ದುರ್ಬೀನಿನಲ್ಲಿ ಏನೂ ಕಾಣದಾಯಿತು.

ಅಷ್ಟರಲ್ಲಿ ಅಪ್ಪ ಬುತ್ತಿಗಂಟು ಹೊತ್ತು ಏರಿ ಹತ್ತಿ ಬಂದ, ಹಿಂದೆ ಅವ್ವ. ಎಳ್ಳ ಅಮಾಸಿಯ ಊಟವನ್ನು ಸ್ವಂತ ಹೊಲ ಬಿಟ್ಟು ಬೇರೆ ಎಲ್ಲೂ ಉಂಡವನಲ್ಲ ನಮ್ಮಪ್ಪ. ಸಾಹೇಬರಿಗೆ ಸಂಕೋಚವಾಯಿತು. ಮಗಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಹಬ್ಬ ಮಾಡಿ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ಅಪ್ಪ ಗಂಟು ಕೆಳಗಿಟ್ಟು ಕಟ್ಟು ಬಿಚ್ಚತೊಡಗಿದ.

"ಬ್ಯಾಡ್ರಿ ಸಾಹೇಬ್ರ. ಮಗಳು ಕೆಲಸದ ಮ್ಯಾಲ ಅದಾಳ. ಅದಕ್ಕ ಊಟ ಇಲ್ಲೇ ತಂದೇವ್ರಿ."

ದನಿ ತಗ್ಗಿಸಿಯೇ ಹೇಳಿದ. ಹಕ್ಕಿಗಳು ಇನ್ನೂ ನೀರಿಗೆ ಇಳಿಯುತ್ತಿದ್ದವು.